ಮುಖ ತೋರಿಸದ ಸೋದರಮಾವ

ನಮ್ಮ ಯಜಮಾನರಿಗೆ ಮಾತು ಬರುವುದಿಲ್ಲ ಎಂದಲ್ಲ. ಬರುತ್ತದೆ, ಆದರೆ ಕುರಿಗಳ ಜೊತೆ ಮಾತ್ರ. ಮನುಷ್ಯರು ಎದುರಾದರೆ "ಊಟ ಆಯ್ತಾ?" ಎನ್ನುವಲ್ಲಿಗೆ ಅವರ ಸರಕು ಮುಗಿಯಿತು. ಮದುವೆಯಾದ ಹೊಸದರಲ್ಲಿ ನನ್ನನ್ನೂ ಅದನ್ನೇ ಕೇಳಿ ಕೇಳಿ ಸುಸ್ತು ಮಾಡಿದ್ದರು. ಹೆಸರು ನಟರಾಜು. ತಿಪ್ಪಸಂದ್ರದ ಹತ್ತಿರ ನಮಗೊಂದಿಷ್ಟು ಹೊಲ, ಮನೆಯ ಹಿಂದೆ ಕುರಿಗಳ ರೊಪ್ಪ.

ಇಂಥವರ ಕೊರಳಿಗೆ ವಿಡಿಯೋ ಕಾಲ್ ಗಂಟುಬಿತ್ತು. ಇವರ ಒಬ್ಬಳೇ ತಂಗಿ ವರಲಕ್ಷ್ಮಿಯ ಗಂಡ ಮಿಲಿಟರಿಯಲ್ಲಿದ್ದಾನೆ, ಸಂಸಾರ ಜೋಧಪುರದಲ್ಲಿ. ಬಾಣಂತನ ಮುಗಿಸಿಕೊಂಡು ಹೋದವಳು ಮಗುವನ್ನು ಮತ್ತೆ ಊರಿಗೆ ಕರೆತಂದಿರಲಿಲ್ಲ. ಆ ಮಗು ನವ್ಯಶ್ರೀಗೆ ಎರಡು ತುಂಬಿ ಮೂರು ನಡೆಯುತ್ತಿತ್ತು. ರಜೆ ಸಿಕ್ಕಾಗ ಕಬ್ಬಾಳಮ್ಮನ ಸನ್ನಿಧಿಯಲ್ಲಿ ಕಿವಿ ಚುಚ್ಚಿಸುತ್ತೇವೆಂದು ಹರಕೆ. ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ನಮಗಂತೂ ಮಕ್ಕಳಾಗಲಿಲ್ಲ. ಆ ಒಂದು ದಿನಕ್ಕೆ ಇವರು ಎಷ್ಟು ಕಾದಿದ್ದರೆಂದು ನನಗೆ ಮಾತ್ರ ಗೊತ್ತು.

ಆದರೆ ಫೋನಿನಲ್ಲಿ ಇವರ ಮೀಸೆ ಕಂಡು "ಊಟ ಆಯ್ತಾ?" ಕೇಳಿಸಿದ್ದೇ ತಡ, ಮಗು ಮಂಚದ ಕೆಳಗೆ ಓಡಿಬಿಡುತ್ತಿತ್ತು. ಒಂದು ದಿನ ವರಲಕ್ಷ್ಮಿ ನಗುತ್ತಲೇ ಹೇಳಿದಳು. "ಅಣ್ಣ, ಇವ್ಳು ಗುರ್ತಿಲ್ದೋರ ತೊಡೆ ಮ್ಯಾಲೆ ಕೂರಲ್ಲ ಕಣಣ್ಣ. ತೀರಾ ಅಳಂಗಿದ್ರೆ ಪುಟ್ಟಸ್ವಾಮಣ್ಣನ ತೊಡೆ ಮ್ಯಾಲೆ ಕೂರ್ಸನ."

ಪುಟ್ಟಸ್ವಾಮಿ ಇವರ ದೊಡ್ಡಪ್ಪನ ಮಗ. ಬಾಯಿ ತೆರೆದರೆ ಸಾಕು, ಬೀದಿಯ ಮಕ್ಕಳೆಲ್ಲ ಅವನ ಬೆನ್ನು ಹತ್ತುತ್ತವೆ. ಅಂದು ಇವರು ಅರ್ಧ ಮುದ್ದೆಗೇ ಕೈ ತೊಳೆದರು.

ಮರುದಿನ ಫೋನ್ ಹಿಡಿದು ರೊಪ್ಪದೊಳಗೆ ಹೊಕ್ಕರು. ಎಡಗೈಯಲ್ಲಿ ಫೋನು, ತಾಮ್ರದ ಕಡಗ ತೊಟ್ಟ ಬಲಗೈಯಲ್ಲಿ ಅಗಸೆ ಸೊಪ್ಪು. ನಾಲಿಗೆ ಹೊರಳಿಸಿ "ಟ್ರುವ್ವಾ... ಟ್ರುವ್ವಾ..." ಎಂದು ಕರೆದರು. ಹಣೆಯ ಮೇಲೆ ಬಿಳಿ ಮಚ್ಚೆಯ ಮರಿಯೊಂದು ಕುಣಿದುಕೊಂಡು ಬಂದು ಸೊಪ್ಪಿಗೆ ಬಾಯಿಟ್ಟಿತು. ಅತ್ತ ಜೋಧಪುರದಲ್ಲಿ ನವ್ಯ ಮಂಚದ ಕೆಳಗಿನಿಂದ ಈಚೆ ಬಂದಳು.

ಆಮೇಲೆ ದಿನಾ ಅದೇ ಆಟ. ಮರಿಗೆ ಚುಕ್ಕಿ ಎಂದು ಹೆಸರಾಯಿತು. ಇವರು ಅದನ್ನು ಕಂಬಳಿಯಡಿ ಬಚ್ಚಿಡುವುದು, ಅವಳು ಅಲ್ಲಿಂದ "ಟುವ್ವಾ" ಎಂದು ಕೂಗುವುದು, ಇವರು ಕಂಬಳಿ ಎತ್ತುವುದು. ಅವಳು ಅಡುಗೆಮನೆಯಿಂದ ಪಾಲಕ್ ಸೊಪ್ಪು ಕದ್ದು ತಂದು ಫೋನಿಗೆ ಒತ್ತುತ್ತಿದ್ದಳಂತೆ. "ಅಣ್ಣೋ, ನನ್ ಫೋನೆಲ್ಲ ಸೊಪ್ಪಿನ್ ಸಾರಾಗ್ಬುಟ್ಟೈತೆ!" ಎಂದು ವರಲಕ್ಷ್ಮಿ ಬೈದರೆ ಇವರಿಗೆ ಹಿಗ್ಗೋ ಹಿಗ್ಗು.

"ಒಸಿ ನಿಮ್ ಮುಖಾನೂ ತೋರ್ಸಿ" ಎಂದೆ ಒಮ್ಮೆ.

"ಮರಿ ಪಳಗ್ಸುವಾಗ ಮುಖ ಮುಂದ್ ಮಾಡ್ಬಾರ್ದು ಕಣೆ. ಮೊದ್ಲು ಕೈ ಗುರ್ತಾಗ್ಬೇಕು" ಎಂದರು. ಕುರಿಯ ವಿಷಯದಲ್ಲಿ ಇವರೊಡನೆ ವಾದ ಮಾಡುವವರು ಯಾರು?

ಕೊನೆಗೂ ರಜೆ ಸಿಕ್ಕಿತು. ರೈಲಿಳಿದು ಗಂಡನ ಊರಿಗೆ ಹೋದ ವರಲಕ್ಷ್ಮಿ ಅಲ್ಲಿಂದ ನೇರ ಕಬ್ಬಾಳಿಗೇ ಬಂದಳು. ಇವರು ಹೊಸ ಪಂಚೆ ಉಟ್ಟು ಎರಡೂ ಕೈ ಚಾಚಿದರು. ಮಗು ಆ ಮೀಸೆ ನೋಡಿ ಕಿಟಾರನೆ ಕಿರುಚಿ ತಾಯಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿತು. ಆಚಾರಿ ಚಿನ್ನದ ತಂತಿ ಹಿಡಿದು ಕಾಯುತ್ತಿದ್ದ. "ಹೊತ್ತಾಯ್ತದೆ, ಪುಟ್ಟಸ್ವಾಮಿ ಕೂತ್ಕಳ್ಲಿ" ಎಂದರು ಯಾರೋ. ಅವನು ಆಗಲೇ ಚಕ್ಕಂಬಕ್ಕಳ ಹಾಕಿ ಕೂತಿದ್ದ. ಇವರ ಚಾಚಿದ ಕೈ ಹಾಗೇ ಕೆಳಗಿಳಿಯಿತು. ನನಗೆ ಮೈಯೆಲ್ಲ ಕೋಪ.

"ಒಸಿ ತಡ್ಕಳಿ ಎಲ್ರೂವೆ!" ಎಂದು ಕೂಗಿಯೇಬಿಟ್ಟೆ. ಇವರ ಕಡೆ ತಿರುಗಿ, "ಇಷ್ಟ್ ದಿನ ಕುರಿ ಮುಖ ತೋರ್ಸಿದ್ರಲ್ಲ, ಈಗ ಮಗೀಗೆ ನಿಮ್ ಗುರ್ತು ಹೆಂಗ್ ಸಿಕ್ಕೀತು? ಕೈ ತೋರ್ಸಿ!" ಎಂದೆ.

ಇವರು ಪೂಜೆಯ ತಟ್ಟೆಯಿಂದ ಒಂದು ವೀಳ್ಯದೆಲೆ ಎತ್ತಿಕೊಂಡರು. ಮಗುವನ್ನೆತ್ತಿಕೊಂಡು ಕೂತಿದ್ದ ತಂಗಿಯ ಬೆನ್ನ ಹಿಂದೆ ಕೂತು, ಮುಖ ಕಾಣದ ಹಾಗೆ, ಕಡಗದ ಕೈಯನ್ನಷ್ಟೇ ಮುಂದೆ ಚಾಚಿ "ಟ್ರುವ್ವಾ..." ಎಂದರು. ದೇವಸ್ಥಾನದಲ್ಲಿ ಜನ ನಕ್ಕರು. ನಗಲಿ.

ಅಳು ನಿಂತಿತು. ನವ್ಯ ಎಲೆ ನೋಡಿದಳು, ಕಡಗ ನೋಡಿದಳು. "ಚುಕ್ಕಿ?" ಎಂದು ಕೇಳುತ್ತ ತಾಯಿಯ ತೋಳಿನಿಂದ ಜಾರಿ ಆ ಕೈಯ ಹಿಂದೆಯೇ ಹೋಗಿ ಇವರ ತೊಡೆಯ ಮೇಲೆ ಕೂತಳು. ತಂತಿ ಚುಚ್ಚಿದಾಗ ಅತ್ತಳು, ಅಳದ ಮಗು ಎಲ್ಲಿದೆ? ಆದರೆ ಆ ಕಡಗವನ್ನು ಬಿಡಲಿಲ್ಲ. ಕೊನೆಗೆ ತಲೆಯೆತ್ತಿ, ಈ ಕೈ ಯಾರದೆಂದು ಇವರ ಮುಖವನ್ನು ತುಂಬ ಹೊತ್ತು ನೋಡಿದಳು. ಇವರ ಕಣ್ಣಲ್ಲಿ ನೀರು. ನಾನು ಅತ್ತ ತಿರುಗಿ ಹಣ್ಣುಕಾಯಿ ಜೋಡಿಸಿದೆ.

ಅವರು ಜೋಧಪುರಕ್ಕೆ ಮರಳಿದ ಮೇಲೆ ಮೊದಲ ಕಾಲ್ ಬಂತು. ಇವರು ವಾಡಿಕೆಯಂತೆ ಫೋನನ್ನು ಚುಕ್ಕಿಯ ಕಡೆ ಹಿಡಿದರು.

"ಚುಕ್ಕಿ ಬ್ಯಾಡ" ಎಂದಿತು ಆ ಕಡೆಯ ದನಿ. "ಮಾವ ತೋರ್ಸು."

ಇವರು ಗಾಬರಿಯಾಗಿ ನನ್ನ ಮುಖ ನೋಡಿದರು. ನಾನೇ ಫೋನ್ ತಿರುಗಿಸಿ ಕೊಟ್ಟೆ. ಮೀಸೆಯ ಮೇಲೊಮ್ಮೆ ಕೈಯಾಡಿಸಿ, ಗಂಟಲು ಸರಿಮಾಡಿಕೊಂಡು ಕೇಳಿದರು:

"ಊಟ ಆಯ್ತಾ ಮಗಾ?"

ಮಗು ಓಡಿಹೋಗಲಿಲ್ಲ. ತಿಂದದ್ದನ್ನೆಲ್ಲ ಒಂದೊಂದಾಗಿ ಹೇಳತೊಡಗಿತು.