ಮೂವತ್ತೊಂದನೇ ಡಬ್ಬ

ಬೆಳಗಿನ ಆರು ಗಂಟೆ. ಹಿನ್ನೀರಿನ ಮೇಲೆ ಎಂಥ ಮಂಜೆಂದರೆ, ದೋಣಿಯ ಮುಂದೆ ಕುಳಿತ ನನಗೆ ಹಿಂದೆ ನಿಂತವರ ಮುಖ ಕಾಣುವುದಿಲ್ಲ. ಕಾಣುವುದು ಬಿದಿರಿನ ಗಳ ಮಾತ್ರ. ನೀರಿಗೆ ಇಳಿಯುತ್ತದೆ, ಏಳುತ್ತದೆ, ಮತ್ತೆ ಇಳಿಯುತ್ತದೆ. ಅವರ ಕೆಲಸ ನೋಡಲೆಂದು ಬಂದ, ಈಜು ಬಾರದ ನಾನು ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಮೂರನೇ ಸಲ ಬಿಗಿದುಕೊಳ್ಳುತ್ತೇನೆ.

"ಮೂವತ್ತು ಸಿಕ್ತು. ಒಂದು ಡಬ್ಬ ಕಾಣ್ತಿಲ್ಲ ಸರ್," ಎನ್ನುತ್ತಾರೆ ಅವರು.

ಇಲ್ಲಿ ಎಲ್ಲರ ಬಾಯಲ್ಲೂ ಅವರು ಡಬ್ಬಣ್ಣ. ವಿಹಾರಕ್ಕೆ ಬಂದವರು ಮೋಟರ್ ಬೋಟ್ ಹತ್ತುವ ಮೊದಲೇ ನೀರಡಿಯ ಬಂಡೆ, ಮುಳುಗಿದ ಮರಗಳ ಬೊಡ್ಡೆಗಳನ್ನು ಗಳದಿಂದ ತಡವಿ, ಒಂದೊಂದರ ಮೇಲೂ ಬಿಳಿ ಡಬ್ಬ ತೇಲುವಂತೆ ಕಟ್ಟುವುದು ಹತ್ತೊಂಬತ್ತು ವರ್ಷಗಳ ಕೆಲಸ. ಬೇಸಿಗೆಯಲ್ಲಿ ನೀರು ದಿನಕ್ಕೆ ನಾಲ್ಕು ಬೆರಳು ಇಳಿಯುತ್ತದೆ. ಡಬ್ಬದ ಹಗ್ಗವನ್ನೂ ಅಷ್ಟೇ ಮೊಟಕು ಮಾಡಬೇಕು. ಡಬ್ಬಗಳನ್ನು ಹೊಗಳಿದವರು ಇಲ್ಲಿಯವರೆಗೆ ಯಾರೂ ಇಲ್ಲ. ಫೋಟೊ ಕೆಡಿಸುತ್ತವೆ ಎಂದು ದೂರು ಕೊಟ್ಟ ಪುಣ್ಯಾತ್ಮರಿದ್ದಾರೆ.

ಏಳು ವರ್ಷದ ಹಿಂದೆ, ನೆಂಟರ ಮದುವೆಗೆ ಹೊರಡುವ ಗಡಿಬಿಡಿಯಲ್ಲಿ, ಒಂದು ಡಬ್ಬವನ್ನು ಉದ್ದ ಹಗ್ಗದಲ್ಲೇ ಕಟ್ಟಿ ಬಂದುಬಿಟ್ಟರು. "ಗಾಳಿಗೆ ಡಬ್ಬ ಎರಡು ಮಾರು ಆಚೆ ಸರಿದಿತ್ತು. ನನ್ನ ಭಾವಮೈದ ಡಬ್ಬ ತಪ್ಪಿಸ್ಕೊಂಡು ನೇರ ಬೊಡ್ಡೆ ಮೇಲೇ ಬೋಟ್ ಹತ್ತಿಸಿದ. ನನ್ನ ನಂಬಿದ್ದಕ್ಕೆ ಅವನ ಕಾಲು ಹೋಯ್ತು." ಹೇಳುವಾಗಲೂ ಗಳ ನಿಲ್ಲುವುದಿಲ್ಲ.

ಇಂದು ಅವರ ಮಗಳ ಸರದಿ. ಬೋಟ್ ಓಡಿಸುವ ಲೈಸೆನ್ಸ್ ಕೈಗೆ ಬಂದು ಹನ್ನೊಂದು ದಿನ. ಮಂಜು ಸರಿದ ಕೂಡಲೇ ಅವಳು ಮೊದಲ ಸಲ ಪ್ರಯಾಣಿಕರನ್ನು ಕೂರಿಸಿಕೊಂಡು ಇದೇ ದಾರಿಯಲ್ಲಿ ಬರುತ್ತಾಳೆ. ಫೋನಿಗೆ ಸಿಗ್ನಲ್ ಇಲ್ಲ. ಹೋಗಿ ತಡೆಯಬಾರದೇ ಎಂದು ಕೇಳುತ್ತೇನೆ. "ನಾವು ಅತ್ಲಾಗೆ ಹೋಗಿ, ಅವಳು ಇತ್ಲಾಗೆ ಬಂದ್ರೆ?" ನಾನೂ ನೀರಿನ ಮೇಲೆ ಡಬ್ಬ ಹುಡುಕತೊಡಗುತ್ತೇನೆ.

ಏಳೂವರೆಗೆ ಗಾಳಿ ಏಳುತ್ತದೆ. ಮಂಜು ಚದುರಿ ಅಲೆಗಳು ಶುರುವಾಗುತ್ತವೆ. ಅವರು ದಡದ ನೀರಿನ ಟ್ಯಾಂಕನ್ನೂ ಅದರ ಹಿಂದಿನ ಕರೆಂಟ್ ಟವರನ್ನೂ ಒಂದೇ ಗೆರೆಗೆ ತಂದುಕೊಂಡು, ಜಾಗ ಗುರುತಿಸಿ ಗಳ ಚುಚ್ಚುತ್ತಾರೆ. ಟಕ್! ನೀರಿನಿಂದ ಒಂದೇ ಗೇಣು ಕೆಳಗೆ ಬೊಡ್ಡೆ. ಅಷ್ಟರಲ್ಲಿ ದೂರದಿಂದ ಎಂಜಿನ್ ಸದ್ದು.

"ಬೇಗ ಡಬ್ಬ ಕಟ್ಟಿ!" ಎಂದು ಕಿರುಚುತ್ತೇನೆ.

"ಅವಸರದಲ್ಲಿ ಕಟ್ಟಲ್ಲ. ಒಂದ್ಸಲ ಕಟ್ಟಿದ್ದು ಸಾಕು. ಈಗ ನಾವೇ ಡಬ್ಬ ಸರ್, ಗಟ್ಟಿಯಾಗಿ ಹಿಡ್ಕೊಳ್ಳಿ."

ನನ್ನನ್ನು ಕೇಳದೆಯೇ ನನಗೂ ಡಬ್ಬದ ಕೆಲಸ ಸಿಕ್ಕಿದೆ. ಗಳವನ್ನು ಬೊಡ್ಡೆಯ ಕವಲಿಗೆ ಸಿಕ್ಕಿಸಿ ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಕೆಂಪು ಟವೆಲ್ ಬೀಸುತ್ತಾರೆ. ಆರು ಜನರಿರುವ ಬೋಟು ನೇರ ನಮ್ಮ ಮೇಲೇ ಬರುತ್ತದೆ. ನಾನು ದೋಣಿಯ ಅಂಚನ್ನು ಎರಡೂ ಕೈಗಳಿಂದ ಹಿಡಿದುಕೊಳ್ಳುತ್ತೇನೆ.

ಸದ್ದು ತಗ್ಗುತ್ತದೆ. ಬೋಟು ನಿಧಾನಿಸಿ, ಅಲೆಗೆ ಮಗ್ಗುಲು ಕೊಡದೆ ಓರೆಯಾಗಿ ಏರಿ ಇಳಿದು, ನಮ್ಮನ್ನು ದೂರದಿಂದಲೇ ಬಳಸಿ ಹೋಗುತ್ತದೆ. ಏನೂ ಅರಿಯದ ಪ್ರಯಾಣಿಕರು ನಮಗೆ ಖುಷಿಯಿಂದ ಕೈ ಬೀಸುತ್ತಾರೆ. ಮಗಳು ಬೀಸುವುದಿಲ್ಲ.

ಡಬ್ಬಣ್ಣ ಕುಸಿದು ಕೂರುತ್ತಾರೆ, ಅದೇ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಇನ್ನೇನು ಆಸೆ ಇದೆ ಎಂದು ನಾನು ಕೇಳಿದರೆ, "ಅವಳು ಸಂಜೆ ಮನೆಗೆ ಬರ್ಲಿ, ನಾಳೆ ಸಂಜೇನೂ ಬರ್ಲಿ," ಎನ್ನುತ್ತಾರೆ. ಆಮೇಲೆ ಹೊಸ ಹಗ್ಗವನ್ನು ಎರಡೆರಡು ಸಲ ಅಳೆದು, ನಿಧಾನವಾಗಿ ಗಂಟು ಹಾಕುತ್ತಾ ಮೆಲ್ಲಗೆ ಹೇಳುತ್ತಾರೆ:

"ನಿಂತಿರೋದು ಅಪ್ಪ ಅಂತ ಅವಳಿಗೆ ಗೊತ್ತಿತ್ತು. ಆದ್ರೂ ನನ್ನ ಮುಖ ನೋಡ್ಲಿಲ್ಲ, ನೋಡಿದ್ರಾ ಸರ್? ನೀರನ್ನೇ ನೋಡ್ತಿದ್ಲು."