ಕಡತಕ್ಕೆ ಹೋಗದ ಹೋಲ್ಡಾನ್

ಇಪ್ಪತ್ತೆರಡು ವರ್ಷ ಜನರಿಗೆ ಟಿಕೆಟ್ ಕೊಟ್ಟವನಿಗೆ ಪಕ್ಷದವರು ಒಂದು ಸಲ ಟಿಕೆಟ್ ಕೊಟ್ಟರು, ನನ್ನ ರಾಜಕೀಯ ಅಷ್ಟೇ ಎಂದು ಕಂಡಕ್ಟರಣ್ಣ ತಮ್ಮ ಬಗ್ಗೆ ಹೇಳಿಕೊಳ್ಳುತ್ತಿದ್ದರು. ಮಾತು ಸುಳ್ಳಲ್ಲ. ಅವರ ಕ್ಷೇತ್ರದಲ್ಲಿ ಇಬ್ಬರು ದೊಡ್ಡ ಮನುಷ್ಯರು ಆ ಟಿಕೆಟ್ಟಿಗಾಗಿ ಅಂಗಿ ಹರಿದುಕೊಳ್ಳುವಷ್ಟು ಜಗಳವಾಡಿದ್ದರು. ಇಬ್ಬರಿಗೂ ಬೇಡವೆಂದು ಪಕ್ಷ ಬಸ್ ನೌಕರರ ಸಂಘದ ಕಾರ್ಯದರ್ಶಿಯಾಗಿದ್ದ ಇವರನ್ನು ನಿಲ್ಲಿಸಿತು. ಗೆದ್ದರು, ಸಂಸತ್ತಿಗೆ ಬಂದರು. ಬಂದವರಿಗೆ ಸಿಕ್ಕಿದ್ದು ಕೊನೆಯ ಸಾಲಿನಲ್ಲಿ ಕಂಬದ ಹಿಂದಿನ ಸೀಟು. ಸಭಾಧ್ಯಕ್ಷರ ಕಣ್ಣಿಗೆ ಬೀಳಬೇಕಾದರೆ ಪಕ್ಕದವರ ತೊಡೆಯ ಮೇಲೆ ಅರ್ಧ ವಾಲಿ ಕೈ ಎತ್ತಬೇಕಿತ್ತು.

"ಕಂಡಕ್ಟರ್ ಜಾಗ ಯಾವತ್ತೂ ಹಿಂದೇನೇ ತಂಗಿ," ಎನ್ನುತ್ತಿದ್ದರು. "ಯಾರು ಹತ್ತಿದ್ರು, ಯಾರು ಇಳಿದ್ರು, ಯಾರು ನಿದ್ದೆ ಹೊಡೀತಿದಾರೆ, ಎಲ್ಲಾ ಅಲ್ಲಿಂದಾನೇ ಕಾಣೋದು."

ನಾನು ಆ ಸದನದಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದೆ. ಸಭಾಧ್ಯಕ್ಷರ ಪೀಠದ ಕೆಳಗೆ ನಮ್ಮ ಮೇಜು. ಐದು ನಿಮಿಷ ಅಲ್ಲಿ ಕೂತು ಆಡಿದ ಮಾತನ್ನೆಲ್ಲ ಗೀಚಿಕೊಳ್ಳುವುದು, ಮುಂದಿನವರು ಬಂದ ಕೂಡಲೇ ಎದ್ದು ಮಾಳಿಗೆಯ ಕೋಣೆಗೆ ಹೋಗಿ ಅದನ್ನು ಟೈಪ್ ಮಾಡುವುದು, ಮತ್ತೆ ಸರದಿ ಬಂದಾಗ ಇಳಿಯುವುದು. ಮೂವತ್ತೊಂದು ವರ್ಷ ಈ ಮೆಟ್ಟಿಲು ಹತ್ತಿ ಇಳಿದಿದ್ದೇನೆ. ಮೊಣಕಾಲು ಹೋಯಿತು, ಕಿವಿ ಮಾತ್ರ ಇನ್ನೂ ಗಟ್ಟಿಯಾಗಿದೆ. ಇನ್ನೊಂದು ಉಪದ್ರವವೂ ಅಂಟಿಕೊಂಡಿದೆ. ಯಾರ ಬಾಯಲ್ಲಾದರೂ "ಪರಿಶೀಲಿಸುತ್ತೇವೆ" ಎಂಬ ಮಾತು ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಸದಸ್ಯರ ವಿಶ್ರಾಂತಿ ಕೋಣೆಯ ಮೆತ್ತನೆಯ ಕುರ್ಚಿಯಲ್ಲಿ ಕೂತರೆ ಏಳಲಿಕ್ಕೇ ಆಗುವುದಿಲ್ಲವೆಂದು ಕಂಡಕ್ಟರಣ್ಣ ಟೀ ಕುಡಿಯಲು ನೌಕರರ ಕ್ಯಾಂಟೀನಿಗೆ ಬರುತ್ತಿದ್ದರು. ಕಿವಿಯ ಮೇಲೆ ಪೆನ್ಸಿಲ್, ಜೇಬಿನಲ್ಲಿ ಅಂಗೈಯಗಲದ ನೋಟುಬುಕ್ಕು. ಅದರಲ್ಲಿ ಕ್ಷೇತ್ರದವರ ದೂರುಗಳೆಲ್ಲ ಸ್ಟಾಪುಗಳ ಪ್ರಕಾರ ಬರೆದಿರುತ್ತಿದ್ದವು. ಅಂಚೆ ಕಚೇರಿ ಸ್ಟಾಪಿನಲ್ಲಿ ಪಿಂಚಣಿಯ ತಕರಾರು, ನೀರಿನ ಟ್ಯಾಂಕ್ ಸ್ಟಾಪಿನಲ್ಲಿ ಒಡೆದ ಪೈಪು. ಕೊನೆಯ ಸ್ಟಾಪು ಗಿರಣಿ ಕಾಲೊನಿ. ಆ ಪುಟ ಮಾತ್ರ ತಿರುವಿ ತಿರುವಿ ಮಾಸಿಹೋಗಿತ್ತು.

ಗಿರಣಿ ಕಾಲೊನಿಗೂ ಊರಿಗೂ ನಡುವೆ ರೈಲು ಹಳಿ. ಹಳಿಗೆ ಮೊದಲು ಒಂದು ಗೇಟಿತ್ತು. ಅಂಡರ್‌ಪಾಸ್ ಕಟ್ಟಿದೆವು, ಇನ್ನು ಗೇಟು ಯಾಕೆ ಎಂದು ರೈಲ್ವೆಯವರು ಅದನ್ನು ಮುಚ್ಚಿ ಬೇಲಿ ಹಾಕಿದರು. ಅಂಡರ್‌ಪಾಸನ್ನೋ ಪಕ್ಕದ ಕಾಲುವೆಗಿಂತ ಆಳಕ್ಕೆ ತೋಡಿದ್ದರು, ವರ್ಷವಿಡೀ ಸೊಂಟದ ಮಟ್ಟ ನೀರು. ಈಜು ಬಂದವರಿಗೆ ಅನುಕೂಲವಾಗಿತ್ತು. ಉಳಿದವರು ಬೇಲಿಯ ಕೆಳಗೆ ನುಸುಳಿ ಹಳಿ ದಾಟುತ್ತಿದ್ದರು. ಹಾಗೆ ದಾಟುವಾಗ ಕಾಲೊನಿಯ ಒಬ್ಬ ಟೈಲರಮ್ಮನ ಗಂಡ ರೈಲಿಗೆ ಸಿಕ್ಕಿ ಸತ್ತುಹೋದ. ಹದಿನೈದು ದಿನ ಕಳೆದ ಮೇಲೆ ಅವಳು ಸೈಕಲ್ ಅಂಗಡಿಯ ಹಿಂದಿದ್ದ ಕಂಡಕ್ಟರಣ್ಣನ ಕಚೇರಿಗೆ ಬಂದಳಂತೆ.

"ಅವರು ಹೋದ್ರು, ಬಿಡಿ," ಎಂದಳಂತೆ. "ನನ್ನ ಮಗಳ ಸ್ಕೂಲು ಆ ಕಡೆ ಇದೆ. ದಿನಾ ಎರಡು ಸಲ ಹಳಿ ದಾಟ್ತಾಳೆ. ಅವಳು ಬರೋ ತನಕ ನನಗೆ ಸೂಜಿಗೆ ದಾರ ಪೋಣಿಸೋಕೂ ಆಗಲ್ಲ. ಆ ಗೇಟೊಂದು ತೆಗೆಸಿಕೊಡಿ ಅಣ್ಣ."

ಇದನ್ನು ನನಗೆ ಹೇಳುವಾಗ ಕಂಡಕ್ಟರಣ್ಣನ ಟೀ ಆರಿ ಕೆನೆ ಕಟ್ಟಿತ್ತು.

ಅವರು ಮಾಡದ ಪ್ರಯತ್ನವಿಲ್ಲ. ಪ್ರಶ್ನೆ ಕೊಟ್ಟರು. ನಮ್ಮಲ್ಲಿ ಯಾರ ಪ್ರಶ್ನೆ ಸದನಕ್ಕೆ ಬರಬೇಕೆಂದು ಚೀಟಿ ಎತ್ತುತ್ತಾರೆ, ಇವರ ಚೀಟಿ ಒಂದು ಸಲವೂ ಮೇಲೆ ಬರಲಿಲ್ಲ. ಮಂತ್ರಿಗೆ ಹನ್ನೊಂದು ಪತ್ರ ಬರೆದರು. ಹನ್ನೊಂದಕ್ಕೂ ಒಂದೇ ಉತ್ತರ, ವಿಷಯ ಪರಿಶೀಲನೆಯಲ್ಲಿದೆ.

"ಪರಿಶೀಲನೆ ಅನ್ನೋ ಸ್ಟಾಪಲ್ಲಿ ನಮ್ಮ ಬಸ್ಸು ಎರಡು ವರ್ಷದಿಂದ ನಿಂತಿದೆ ತಂಗಿ," ಎಂದರು. "ಡ್ರೈವರ್ ಇಳಿದು ಎಲ್ಲಿಗೆ ಹೋದನೋ ಗೊತ್ತಿಲ್ಲ."

ಆಮೇಲೆ ಆ ದಿನ ಬಂತು. ಮುಂದಿನ ಸಾಲಿನ ಹಿರಿಯ ಸದಸ್ಯರೊಬ್ಬರು, ದೇಶದಲ್ಲಿ ಮುಚ್ಚಿದ ರೈಲ್ವೆ ಗೇಟುಗಳ ಸ್ಥಿತಿ ಏನು ಎಂದು ಪ್ರಶ್ನೆ ಕೇಳಿದ್ದರು. ಮಂತ್ರಿಗಳು ಎದ್ದು ಉದ್ದನೆಯ ಪಟ್ಟಿ ಓದತೊಡಗಿದರು. ಊಟದ ಹೊತ್ತು ಹತ್ತಿರವಾಗಿತ್ತು. ಸದನದಲ್ಲಿ ಅರ್ಧ ಜನ ಇರಲಿಲ್ಲ, ಇದ್ದವರಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಮೇಜಿನ ಬಳಿ ನನ್ನ ಸರದಿ. ಪ್ರತಿ ಗೇಟಿಗೂ ಮಂತ್ರಿಗಳು "ಒಂದು ತಿಂಗಳೊಳಗೆ ಪರಿಶೀಲಿಸಲಾಗುವುದು" ಎಂದು ಓದುತ್ತಿದ್ದರು, ನಾನು ಹಲ್ಲು ಕಚ್ಚಿ ಗೀಚುತ್ತಿದ್ದೆ. ಹದಿನೇಳನೆಯದು ಗಿರಣಿ ಕಾಲೊನಿ. ಹಸಿವೋ ಆತುರವೋ, ಮಂತ್ರಿಗಳ ನಾಲಗೆ ಜಾರಿತು.

"ಗಿರಣಿ ಕಾಲೊನಿ ಗೇಟು, ಒಂದು ತಿಂಗಳೊಳಗೆ ತೆರೆಯಲಾಗುವುದು."

ಅವರಿಗೇ ಅದು ಗೊತ್ತಾಗಲಿಲ್ಲ. ಹದಿನೆಂಟನೆಯದಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಕಂಬದ ಹಿಂದಿನಿಂದ ಒಂದು ಗಂಟಲು ಇಡೀ ಸದನ ಬೆಚ್ಚುವಂತೆ ಕೂಗಿತು.

"ಹೋಲ್ಡಾನ್!"

ಬಸ್ಸಿನಲ್ಲಿ ಓಡಾಡಿದವರಿಗೆಲ್ಲ ಗೊತ್ತಿರುವ ಕೂಗು. ಇಂಜಿನ್ನಿನ ಗದ್ದಲವನ್ನೂ ಮೀರಿ ಡ್ರೈವರಿನ ಕಾಲನ್ನು ಬ್ರೇಕಿನ ಮೇಲೆ ಇಡಿಸುವ ಕೂಗು. ಮೈಕು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ತೂಕಡಿಸುತ್ತಿದ್ದ ಒಬ್ಬ ಸದಸ್ಯರು ಇಳಿಯುವ ಜಾಗ ಬಂತೆಂಬಂತೆ ಎದ್ದೇ ನಿಂತರು. ಸದನ ಬಿದ್ದು ಬಿದ್ದು ನಕ್ಕಿತು.

ಕಂಡಕ್ಟರಣ್ಣ ನಗಲಿಲ್ಲ. "ಮಂತ್ರಿಗಳೇ, ಗಿರಣಿ ಕಾಲೊನಿದು ಇನ್ನೊಂದ್ಸಲ ಹೇಳಿ. ತೆರೀತೀರಾ?"

ಸಭಾಧ್ಯಕ್ಷರು ಕೆಂಡವಾದರು. "ಕೂತ್ಕೊಳ್ಳಿ! ಇದೇನು ಬಸ್ ನಿಲ್ದಾಣವೇ? ಹಿಂದಿನ ಸಾಲಿನ ಸದಸ್ಯರ ಮಾತು ಕಡತಕ್ಕೆ ಹೋಗುವುದಿಲ್ಲ."

ನಗೆ ನಿಂತಿರಲಿಲ್ಲ. ತಮ್ಮನ್ನೇ ನೋಡಿ ನಗುತ್ತಿದ್ದಾರೆಂದು ಮಂತ್ರಿಗಳಿಗೆ ಸಿಟ್ಟು ನೆತ್ತಿಗೇರಿತು. "ತೆರೆಯುತ್ತೇವೆ ಅಂದರೆ ತೆರೆಯುತ್ತೇವೆ ರೀ! ತಿಂಗಳೊಳಗೆ! ಇನ್ನೇನು, ಬರೆದುಕೊಡಬೇಕಾ?" ಎಂದು ಮೇಜು ಗುದ್ದಿದರು. ನಾನು ಒಂದಕ್ಷರ ಬಿಡದೆ ಬರೆದುಕೊಂಡೆ.

ಮಧ್ಯಾಹ್ನ ಮೂರು ಗಂಟೆಗೆ ಮಂತ್ರಿಗಳ ಕಾರ್ಯದರ್ಶಿ ಮಾಳಿಗೆಯ ಕೋಣೆಗೆ ಏದುಸಿರು ಬಿಡುತ್ತಾ ಬಂದರು. ಅಚ್ಚಿಗೆ ಹೋಗುವ ಮೊದಲು ಭಾಷಣದ ಪ್ರತಿಯಲ್ಲಿ ವ್ಯಾಕರಣ ತಿದ್ದಲು ಅವರಿಗೆ ಅವಕಾಶವಿತ್ತು, ಅರ್ಥ ತಿದ್ದಲು ಇರಲಿಲ್ಲ. ಅವರು "ತೆರೆಯಲಾಗುವುದು" ಎಂಬುದನ್ನು ಹೊಡೆದು "ಪರಿಶೀಲಿಸಲಾಗುವುದು" ಎಂದು ಬರೆದು ತಂದಿದ್ದರು.

"ಬಾಯಿ ತಪ್ಪಿ ಬಂದದ್ದು," ಎಂದರು ನಮ್ಮ ಮುಖ್ಯಸ್ಥರಿಗೆ.

ನಮ್ಮ ಮುಖ್ಯಸ್ಥರು ಇರುವೆಗೂ ದಾರಿ ಬಿಟ್ಟು ನಡೆಯುವ ಜೀವ. ನನ್ನತ್ತ ನೋಡಿದರು.

"ಒಂದು ಸಲ ಆದ್ರೆ ಬಾಯಿ ತಪ್ಪಿದ್ದು ಸರ್," ಎಂದೆ. "ಎರಡನೇ ಸಲ ಮೇಜು ಗುದ್ದಿ ಹೇಳಿದಾರೆ."

"ಎರಡನೇದು ಕಡತಕ್ಕೆ ಹೋಗಲ್ಲ ಅಂತ ಪೀಠವೇ ಹೇಳಿದೆಯಲ್ಲಮ್ಮ," ಎಂದರು ಕಾರ್ಯದರ್ಶಿ.

ನಾನು ನೋಟುಬುಕ್ಕು ತೆರೆದು ಓದಿದೆ. "ಹಿಂದಿನ ಸಾಲಿನ ಸದಸ್ಯರ ಮಾತು ಕಡತಕ್ಕೆ ಹೋಗುವುದಿಲ್ಲ. ಪೀಠದ ಮಾತು ಇಷ್ಟೇ. ಮಂತ್ರಿಗಳು ಹಿಂದಿನ ಸಾಲಲ್ಲಿ ಕೂತಿರಲಿಲ್ಲ ಸರ್."

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಹಾಗಾದ್ರೆ ಇರಲಿ," ಎಂದರು. ಅವರ ಬಾಯಲ್ಲಿ ಅಷ್ಟು ಧೈರ್ಯದ ಮಾತನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಕಾರ್ಯದರ್ಶಿ ಬಾಗಿಲಲ್ಲಿ ತಿರುಗಿ ನಿಂತು, "ಆ ಕಂಡಕ್ಟರು ತನ್ನ ಮಾತೂ ಸೇರಿಸಿ ಅಂತ ಅರ್ಜಿ ಹಾಕ್ಲಿ, ನೋಡ್ಕೋತೀವಿ. ಆಗ ಆ ಪುಟ ಪೂರ್ತಿ ಸಭಾಧ್ಯಕ್ಷರ ಮುಂದೆ ಹೋಗುತ್ತೆ," ಎಂದು ಹೇಳಿ ಹೋದರು. ಸಭಾಧ್ಯಕ್ಷರೂ ಮಂತ್ರಿಗಳೂ ಒಂದೇ ಪಕ್ಷದವರು. ಅಲ್ಲಿಗೆ ಹೋದರೆ ಆ ಪುಟದ ಗತಿ ಏನಾಗುತ್ತದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಕ್ಯಾಂಟೀನಿಗೆ ಇಳಿದು ಕಂಡಕ್ಟರಣ್ಣನಿಗೆ ಇದನ್ನೆಲ್ಲ ಹೇಳಿದೆ. ಚುನಾವಣೆಗೆ ಆರು ತಿಂಗಳಿತ್ತು. ಅವರ ಎದುರಾಳಿ ಆಗಲೇ ಇವರನ್ನು ಮೂಗ ಎಂದು ಊರ ತುಂಬ ಆಡಿಕೊಳ್ಳುತ್ತಿದ್ದ. ಆ ದಿನದ ಪ್ರಶ್ನೆ ಬೇರೆಯವರದು, ಇವರು ಆಡಿದ್ದು ಕೂಗಿದ ಆ ಎರಡು ಮಾತು ಮಾತ್ರ. ಅದೂ ಹೋದರೆ ಗೇಟಿನ ವಿಷಯದಲ್ಲಿ ಇವರ ಹೆಸರೇ ಕಡತದಲ್ಲೆಲ್ಲೂ ಇರುವುದಿಲ್ಲ. "ನಿಮಗೆ ನಷ್ಟ ಆಗುತ್ತೆ ಸರ್, ಯೋಚನೆ ಮಾಡಿ," ಎಂದೆ.

ಅವರು ಪೆನ್ಸಿಲ್ಲನ್ನು ಕಿವಿಯಿಂದ ತೆಗೆದು ಮತ್ತೆ ಕಿವಿಗೇ ಇಟ್ಟುಕೊಂಡರು. "ಬಸ್ಸು ಹೊರಟಾಯ್ತು ತಂಗಿ. ಈಗ ಮತ್ತೆ ಹೋಲ್ಡಾನ್ ಅನ್ನೋಕೆ ನನಗೇನು ಹುಚ್ಚಾ? ನನ್ನ ಮಾತು ಹೋಗ್ಲಿ. ಅವರ ಮಾತು ಇರ್ಲಿ."

ಅಚ್ಚಾದ ಪುಸ್ತಕ ಬಂತು. ಮಂತ್ರಿಗಳ ಆ ಎರಡು ಸಾಲಿಗೆ ಕೆಂಪು ಗೀಟು ಹಾಕಿ ಕಂಡಕ್ಟರಣ್ಣ ದಿನಕ್ಕೊಂದು ಪ್ರತಿಯಂತೆ ರೈಲ್ವೆ ಕಚೇರಿಗೆ ಕಳಿಸಿದರು. ಇಪ್ಪತ್ತೊಂಬತ್ತನೆಯ ದಿನ ಗೇಟು ತೆರೆಯಿತು. ಮಂತ್ರಿಗಳೇ ಬಂದು ಟೇಪು ಕತ್ತರಿಸಿ, ಜನರ ಕಷ್ಟಕ್ಕೆ ನನ್ನ ಕರುಳು ಮಿಡಿಯಿತು ಎಂದು ಮಾತಾಡಿದರಂತೆ. ಕಂಡಕ್ಟರಣ್ಣ ಅಲ್ಲಿಯೂ ಕೊನೆಯ ಸಾಲಿನಲ್ಲಿ ನಿಂತಿದ್ದರಂತೆ.

ಚುನಾವಣೆಯಲ್ಲಿ ಅವರು ಸೋತರು. ಎದುರಾಳಿಯ ಕರಪತ್ರವನ್ನು ನಾನೂ ನೋಡಿದ್ದೇನೆ. ಐದು ವರ್ಷದ ಕಡತವೆಲ್ಲ ಜಾಲಾಡಿದರೂ ಗಿರಣಿ ಕಾಲೊನಿ ಗೇಟಿನ ಬಗ್ಗೆ ಈ ಮಹಾಶಯರದು ಒಂದಕ್ಷರವಿಲ್ಲ ಎಂದು ಅದರಲ್ಲಿತ್ತು. ಅದು ಅಕ್ಷರಶಃ ನಿಜ. ನಾನು ಕೆಲಸದಲ್ಲಿದ್ದೆ, ಕಡತಕ್ಕೆ ಹೋಗದ ಮಾತನ್ನು ಹೊರಗೆ ಆಡುವ ಹಾಗಿರಲಿಲ್ಲ. ಆ ಕರಪತ್ರ ಹಿಡಿದು ನಾನು ಅತ್ತೆ.

ಹೋದ ವರ್ಷ ನಿವೃತ್ತಳಾದೆ. ಮೊದಲು ಮಾಡಿದ ಕೆಲಸವೆಂದರೆ ಬಸ್ಸು ಹತ್ತಿ ಗಿರಣಿ ಕಾಲೊನಿಗೆ ಹೋಗಿದ್ದು. ಗೇಟಿನ ಪಕ್ಕದಲ್ಲೇ ಟೈಲರಮ್ಮನ ಅಂಗಡಿ. ಕಂಡಕ್ಟರಣ್ಣ ಕಿತ್ತುಹೋದ ಚೀಲದ ಹಿಡಿ ಹೊಲಿಸಿಕೊಳ್ಳಲು ಬಂದು ಸ್ಟೂಲಿನ ಮೇಲೆ ಕೂತಿದ್ದರು. ಕೂದಲು ಪೂರ್ತಿ ನೆರೆತಿತ್ತು, ಪೆನ್ಸಿಲ್ ಇದ್ದಲ್ಲೇ ಇತ್ತು. ನನ್ನನ್ನು ಕಂಡು, "ಓ, ತಂಗಿ! ಯಾವ ಬಸ್ಸಲ್ಲಿ ಬಂದೆ?" ಎಂದರು. ಹೊರಗೆ ರೈಲಿಗೆಂದು ಗೇಟು ಬಿದ್ದಿತ್ತು. ಸ್ಕೂಟರಿನವನೊಬ್ಬ, ಯಾವ ಪುಣ್ಯಾತ್ಮ ಈ ಗೇಟು ತೆಗೆಸಿದನೋ, ದಿನಾ ಹತ್ತು ನಿಮಿಷ ಕಾಯಬೇಕು ಎಂದು ಗೊಣಗುತ್ತಿದ್ದ. ಕಂಡಕ್ಟರಣ್ಣ ಕೇಳಿಸದವರ ಹಾಗೆ ಚೀಲದ ಕಡೆ ನೋಡುತ್ತಿದ್ದರು. ಆಮೇಲೆ ಎಲ್ಲರಿಗೂ ಟೀ ತರಲು ಎದ್ದು ಪಕ್ಕದ ಅಂಗಡಿಗೆ ಹೋದರು.

"ನೀವು ಅಲ್ಲೇ ಕೆಲಸದಲ್ಲಿ ಇದ್ರಂತಲ್ಲ," ಎಂದಳು ಟೈಲರಮ್ಮ, ಮಿಷನ್ನು ತುಳಿಯುತ್ತಾ. "ಅಣ್ಣ ತುಂಬಾ ಒಳ್ಳೆಯವರು. ಆದ್ರೆ ಅಷ್ಟು ಕೇಳ್ಕೊಂಡ್ರೂ ನಮ್ಮ ಗೇಟಿನ ವಿಷಯ ಅಲ್ಲಿ ಬಾಯೇ ಬಿಡ್ಲಿಲ್ಲಂತೆ. ನಾನು ಆ ಬೇಜಾರಲ್ಲಿ ಆ ಸಲ ಓಟೂ ಹಾಕ್ಲಿಲ್ಲ."

ಇನ್ನು ನನಗೆ ಯಾರ ಹೆದರಿಕೆ?

"ಬಾಯಿ ಬಿಟ್ಟಿದ್ರು," ಎಂದೆ. "ನಾನೇ ಬರ್ಕೊಂಡಿದ್ದೆ. ಆಮೇಲೆ ನಾನೇ ಹೊಡೆದು ಹಾಕಿದೆ."

ಮಿಷನ್ನು ನಿಂತಿತು. "ಏನಂದ್ರು?"

"ಹೋಲ್ಡಾನ್ ಅಂದ್ರು."

"ಅಷ್ಟೇನಾ?"

ಉಳಿದದ್ದನ್ನೂ ಹೇಳಿದೆ. ಮಂತ್ರಿಗಳು ಮೇಜು ಗುದ್ದಿದ್ದು, ಕಾರ್ಯದರ್ಶಿ ಬಂದದ್ದು, ಕ್ಯಾಂಟೀನಿನಲ್ಲಿ ಕಂಡಕ್ಟರಣ್ಣ ನನ್ನ ಮಾತು ಹೋಗ್ಲಿ ಎಂದದ್ದು. ರೈಲು ಹೋಯಿತು, ಗೇಟು ಮೇಲೆದ್ದಿತು. ಆಚೆ ಕಡೆಯಿಂದ ಎತ್ತರಕ್ಕೆ ಬೆಳೆದ ಟೈಲರಮ್ಮನ ಮಗಳು ಪುಸ್ತಕ ಎದೆಗವಚಿಕೊಂಡು ನಿಧಾನವಾಗಿ, ಎಡಕ್ಕೂ ನೋಡದೆ ಬಲಕ್ಕೂ ನೋಡದೆ ಗೆಳತಿಯ ಜೊತೆ ಹರಟುತ್ತಾ ಹಳಿ ದಾಟಿ ಬಂದಳು. ಅವಳ ಹಿಂದೆಯೇ ಮೂರು ಲೋಟ ಟೀ ಹಿಡಿದು ಕಂಡಕ್ಟರಣ್ಣ ಬರುತ್ತಿದ್ದರು. ಟೈಲರಮ್ಮ ಅವರ ಚೀಲಕ್ಕೆ ಅಷ್ಟು ಹೊತ್ತು ಹಾಕಿದ್ದ ಹೊಲಿಗೆಯನ್ನೆಲ್ಲ ಬಿಚ್ಚಿ, ಸೂಜಿಗೆ ಗಟ್ಟಿ ದಾರ ಪೋಣಿಸಿ, ಮೊದಲಿನಿಂದ ಹೊಲಿಯತೊಡಗಿದಳು.