ರೇಡಿಯೋ ಮಾಮನ ಬಂಡೆ

ದೋಣಿಯಿಂದ ಇಳಿದ ಪ್ರವಾಸಿಗರು ಮರಳಿಗೆ ಕಾಲಿಡುವ ಮೊದಲೇ ರೇಡಿಯೋ ಮಾಮನ ಮಾತು ಅವರ ಕಿವಿಗೆ ಬಿದ್ದಿರುತ್ತದೆ. ತನ್ನ ಹಳೇ ವ್ಯಾನಿನಲ್ಲಿ ದ್ವೀಪ ಸುತ್ತಿಸುವ ಈ ಗೈಡಿಗೆ ಆ ಹೆಸರಿಟ್ಟವಳು ಹೆಂಡತಿಯೇ. "ಮನೇಲಾದ್ರೂ ಸ್ವಲ್ಪ ಆಫ್ ಮಾಡ್ರೀ" ಎಂದು ಅವಳು ಗೋಗರೆಯದ ದಿನವಿಲ್ಲ. ಅವನ ಬಾಯಲ್ಲಿ ಇಲ್ಲಿನ ತೆಂಗಿನಮರಗಳು ಮೋಡಕ್ಕೆ ತಲೆ ತಾಗಿಸುತ್ತವೆ, ಏಡಿಗಳು ಅವನ ವ್ಯಾನ್ ಕಂಡರೆ ದಾರಿ ಬಿಡುತ್ತವೆ. ಕಡಲಂಚಿನ ಒಂಟಿ ಬಂಡೆಗಂತೂ ಗಿರಾಕಿಗೆ ತಕ್ಕ ಕಥೆ: ಹೊಸ ಜೋಡಿ ಬಂದರೆ ಅದು ಕಾದು ಕಾದು ಕಲ್ಲಾದ ಪ್ರೇಮಿ, ಮಕ್ಕಳು ಬಂದರೆ ರಾಕ್ಷಸನ ಉದುರಿದ ಹಲ್ಲು. "ನಿನ್ನೆ ಬೇರೆ ಏನೋ ಹೇಳಿದ್ರಂತಲ್ಲ?" ಎಂದು ಯಾರಾದರೂ ಕೆಣಕಿದರೆ, "ನಿನ್ನೆಯದು ನಿನ್ನೆಯವರಿಗೆ ಸಾರ್!" ಎಂದು ತಾನೇ ಮೊದಲು ನಗುತ್ತಾನೆ. ಒಮ್ಮೆ ಇಬ್ಬರಿಗೆಂದು ವ್ಯಾನ್ ಗೊತ್ತುಮಾಡಿದ್ದ ವಯಸ್ಸಾದ ಹೆಂಗಸೊಬ್ಬರು ಒಬ್ಬರೇ ಬಂದರು. "ಯಜಮಾನ್ರೂ ಬರಬೇಕಿತ್ತು, ನನ್ನ ಬಿಟ್ಟು ಮೊದಲೇ ಹೊರಟುಬಿಟ್ರು" ಎನ್ನುತ್ತ ಗಂಡನ ಕೊಡೆಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿದರು. ಬಂಡೆ ಬಂದಾಗ ಮಾಮ ಇಳಿದು ಎರಡೂ ಕಡೆಯ ಬಾಗಿಲು ತೆರೆದ. "ಮದುವೆಯಾದ ಹೊಸದರಲ್ಲಿ ಇಲ್ಲೇ ಕೂತಿದ್ವಿ. ಇದರ ಕಥೆ ಏನಪ್ಪಾ?" ಎಂದರು ಆಕೆ. ರೇಡಿಯೋ ಮಾಮ ಬಾಯಿ ತೆರೆದವನು ಮುಚ್ಚಿಕೊಂಡ. "ನೀವೇ ಹೇಳೀಮ್ಮಾ, ನಾನು ಕೇಳ್ತೀನಿ" ಎಂದು ಮರಳಲ್ಲಿ ಕುಳಿತು, ಹೊತ್ತು ಇಳಿಯುವವರೆಗೂ ಕೇಳಿದ. ಇಂದಿಗೂ ಅವನ ತೆಂಗಿನಮರಗಳು ದಿನಕ್ಕಿಷ್ಟು ಬೆಳೆಯುತ್ತಲೇ ಇವೆ. ಆ ಬಂಡೆಯ ಮುಂದೆ ಮಾತ್ರ ಎಂಜಿನ್ ನಿಲ್ಲಿಸಿ, "ಇದರ ಕಥೆ ಬೇರೆಯವರದು ಸಾರ್, ನಾನು ಹೇಳೋ ಹಾಗಿಲ್ಲ" ಎನ್ನುತ್ತಾನೆ.